ನಡುವೆ ಫಾದರ್ ಯಾಕೆ? ಪಾಪನಿವೇದನೆಗೆ ಹೋಗುವವರಿಗೆ

ಗುರುಗಳ ಮುಂದೆ ಪಾಪಗಳನ್ನು ಹೇಳಿ ದೇವರ ಕ್ಷಮೆ ಪಡೆಯುವ ಪಾಪನಿವೇದನೆಯ ಮಾತು ಬಂದಾಗೆಲ್ಲ ಎದುರಾಗುವ ಪ್ರಶ್ನೆ ಒಂದೇ: "ದೇವರ ಹತ್ತಿರ ನೇರವಾಗಿ ಹೇಳಿಕೊಂಡರೆ ಸಾಲದಾ? ನಡುವೆ ಫಾದರ್ ಯಾಕೆ?" ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಯ ಗೆಳೆಯರು ಕೇಳುತ್ತಾರೆ, ಪೆಂತೆಕೋಸ್ತ್ ಸಭೆಯವರು ಕೇಳುತ್ತಾರೆ, ಮನೆಯ ಮಕ್ಕಳೂ ಕೇಳುತ್ತಾರೆ. ಕೇಳುವವರ ಕೈಯಲ್ಲಿ ಗಟ್ಟಿಯಾದ ವಚನವೇ ಇದೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದ 5ನೇ ವಚನ ಹೇಳುವುದು ಇಷ್ಟು: ದೇವರು ಒಬ್ಬನೇ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನೂ ಒಬ್ಬನೇ, ಆತ ಮನುಷ್ಯನಾದ ಕ್ರಿಸ್ತಯೇಸು. ಕಥೋಲಿಕರು ಈ ವಚನವನ್ನು ಬದಿಗಿಟ್ಟಿದ್ದಾರೆ ಎಂದು ನಂಬಿದವರು ಬಹಳ ಜನ. ಆದರೆ ಈ ವಚನವನ್ನು ಬದಿಗಿಟ್ಟು ನೋಡಿದರೆ ಪಾಪನಿವೇದನೆಯ ಒಂದು ನಿಯಮವೂ ತಲೆಗೆ ಹತ್ತುವುದಿಲ್ಲ. ಫಾದರ್ ತಮ್ಮ ಪಾಪವನ್ನು ತಾವೇ ಕ್ಷಮಿಸಿಕೊಳ್ಳುವಂತಿಲ್ಲ, ಕೇಳಿದ್ದನ್ನು ಬಾಯಿಬಿಡುವಂತಿಲ್ಲ, ಅವರೆಷ್ಟೇ ಕೆಟ್ಟವರಾದರೂ ಕ್ಷಮೆ ಕೆಡುವುದಿಲ್ಲ. ಇವೆಲ್ಲ ಅಲ್ಲಿ ಕೂತವರು ಮಧ್ಯಸ್ಥರಲ್ಲ ಎಂಬ ಕಾರಣಕ್ಕೇ ಇರುವ ನಿಯಮಗಳು. ಒಂದು ಪಾಪನಿವೇದನೆ ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ ಎಂದು ನೋಡುತ್ತ ಹೋದರೆ ಇದು ತಾನಾಗಿ ಕಾಣುತ್ತದೆ.

ಕೆಲಸ ಶುರುವಾಗುವುದು ಮನೆಯಲ್ಲಿ. ಆತ್ಮಪರಿಶೋಧನೆ ಮಾಡದೆ ಚರ್ಚಿಗೆ ಬಂದು, ಸಾಲಿನಲ್ಲಿ ನಿಂತಾಗ ಯೋಚಿಸಿದರೆ ಬಾಯಿಗೆ ಬರುವುದು "ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ" ಎನ್ನುವ ಎರಡು ಮಾತು ಅಷ್ಟೇ. ಹಿಂದಿನ ದಿನವೋ ಆ ದಿನ ಬೆಳಿಗ್ಗೆಯೋ ಒಂದು ಇಪ್ಪತ್ತು ನಿಮಿಷ ಸುಮ್ಮನೆ ಕೂತು ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಹಿಡಿದು ನೋಡುವುದು ಒಳ್ಳೆಯದು. ದೇವರ ವಿಷಯ, ಹೆತ್ತವರ ವಿಷಯ, ಮದುವೆಯ ವಿಷಯ, ಹಣದ ವಿಷಯ, ನಾಲಿಗೆಯ ವಿಷಯ. ಮರೆಯುವ ಭಯವಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಮುಗಿದ ಮೇಲೆ ಹರಿದುಹಾಕಿ. ಮೊಬೈಲಿನಲ್ಲಿ ಬರೆದಿಡುವುದು ಮಾತ್ರ ಬೇಡ, ಅದು ಯಾರ ಕೈಗೆ ಸಿಗುತ್ತದೋ ಹೇಳಲಾಗದು.

ಎಲ್ಲವನ್ನೂ ಹೇಳಲೇಬೇಕೆಂಬ ಕಡ್ಡಾಯ ಇಲ್ಲ. ಮಾರಕ ಪಾಪಗಳನ್ನು ಮಾತ್ರ ಒಂದನ್ನೂ ಬಿಡದೆ ಹೇಳಬೇಕು. ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ತಿಳಿದೂ ಮನಸಾರೆ ಒಪ್ಪಿ ಮಾಡಿರಬೇಕು; ಈ ಮೂರೂ ಸೇರಿದರೆ ಮಾರಕ ಪಾಪ. ಅಂಥದ್ದನ್ನು ಹೇಳುವಾಗ ಯಾವ ಪಾಪ, ಎಷ್ಟು ಸಲ ಎನ್ನುವುದೂ ಬೇಕು. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 988ನೇ ವಿಧಿ ಹೇಳುವುದು ಇದನ್ನೇ. ಲೆಕ್ಕ ಸಿಗದಿದ್ದರೆ "ಎರಡು ವರ್ಷದಿಂದ, ಸುಮಾರು ವಾರಕ್ಕೊಂದು ಸಲ" ಎಂದರೆ ಸಾಕು. ಲಘು ಪಾಪಗಳನ್ನು ಹೇಳುವುದು ಒಳ್ಳೆಯದು, ಕಡ್ಡಾಯವಲ್ಲ.

"ದೇವರಿಗೆ ಗೊತ್ತಿಲ್ಲದ್ದೇನಿದೆ, ಎಣಿಸಿ ಹೇಳುವುದು ಯಾಕೆ?" ಎಂದು ಇಲ್ಲಿ ಕೇಳುವವರಿದ್ದಾರೆ. ಉತ್ತರ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಪುನರುತ್ಥಾನವಾದ ದಿನ ಸಂಜೆ ಯೇಸು ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ, ಯಾರವನ್ನು ಉಳಿಸುತ್ತೀರೋ ಅವು ಉಳಿಯುತ್ತವೆ ಎನ್ನುತ್ತಾನೆ. ಕ್ಷಮಿಸುವುದೋ ಉಳಿಸುವುದೋ ಎಂದು ತೀರ್ಮಾನಿಸಬೇಕಾದವನು ವಿಷಯ ಕೇಳದೆ ತೀರ್ಮಾನಿಸಲಾರ. ಬಿಷಪ್ಪರು, ಅಂದರೆ ಧರ್ಮಾಧ್ಯಕ್ಷರು, ಸೇರಿದ ಟ್ರೆಂಟ್ ಮಹಾಸಭೆ 1551ರಲ್ಲಿ ಹಿಡಿದ ವಾದವೂ ಇದೇ.

ಹಿಂದೆ ಪದ್ಧತಿ ಹೀಗಿರಲಿಲ್ಲ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಹಿಂಸೆಗೆ ಹೆದರಿ ವಿಶ್ವಾಸ ಬಿಟ್ಟುಕೊಟ್ಟದ್ದು, ಇಂಥ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ವರ್ಷಗಟ್ಟಲೆ ಪರಮಪ್ರಸಾದದಿಂದ (ಪೂಜೆಯಲ್ಲಿ ಕೊಡುವ ರೊಟ್ಟಿಯಿಂದ) ದೂರವಿರಬೇಕಾಗಿತ್ತು, ಅದೂ ಬದುಕಿನಲ್ಲಿ ಸಾಮಾನ್ಯವಾಗಿ ಒಂದೇ ಸಲ ಸಿಗುವ ಅವಕಾಶ. ಹಾಗಾಗಿ ಎಷ್ಟೋ ಜನ ಸಾಯುವ ಹೊತ್ತಿನವರೆಗೆ ಮುಂದೂಡುತ್ತಿದ್ದರು. ಖಾಸಗಿಯಾಗಿ, ಮತ್ತೆ ಮತ್ತೆ ನಿವೇದಿಸುವ ಪದ್ಧತಿಯನ್ನು ಆರು-ಏಳನೇ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳು ಯೂರೋಪಿನ ಒಳನಾಡಿಗೆ ತಂದರು. 1215ರಲ್ಲಿ ನಾಲ್ಕನೇ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಂದು ಸಲವಾದರೂ ಮಾಡಲೇಬೇಕೆಂದು ವಿಧಿಸಿತು. ಗಂಭೀರ ಪಾಪವಿದ್ದವರಿಗೆ ಆ ವಿಧಿ ಇಂದಿಗೂ ಇದೆ. ಪಾಪನಿವೇದನೆಗೆಂದೇ ಮಾಡಿದ, ನಡುವೆ ಜಾಲರಿ ಇರುವ ಮರದ ಪೀಠ ಬಳಕೆಗೆ ಬಂದದ್ದು ಹದಿನಾರನೇ ಶತಮಾನದಲ್ಲಿ, ಮಿಲಾನಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಅವರ ಕಾಲದಲ್ಲಿ. ರೂಪ ಇಷ್ಟೆಲ್ಲ ಬದಲಾದರೂ ಕ್ಷಮೆ ಯಾರಿಂದ ಬರುತ್ತದೆ ಎನ್ನುವ ಮಾತು ಬದಲಾಗಿಲ್ಲ.

ಈಗ ಚರ್ಚಿಗೆ ಬರೋಣ. ಸಾಮಾನ್ಯವಾಗಿ ಬಲಿಪೂಜೆಗೆ (ಮಾಸ್‌ಗೆ) ಅರ್ಧ ಗಂಟೆ ಮೊದಲು, ಇಲ್ಲವೇ ಶನಿವಾರ ಸಂಜೆ ಫಾದರ್ ಸಿಗುತ್ತಾರೆ. ಪವಿತ್ರ ವಾರಕ್ಕೆಂದು ಕಾಯಬೇಡಿ. ಆಗ ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಹಲವು ವರ್ಷ ಬಿಟ್ಟು ಬರುವವರು ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲದ ಮೊದಲ ವಾರಗಳಲ್ಲೇ ಬರುವುದು, ಇಲ್ಲವೇ ಬೇರೆ ಸಮಯ ಕೇಳಿ ತೆಗೆದುಕೊಳ್ಳುವುದು ವಾಸಿ. ಬೆಂಗಳೂರಿನಂಥ ಊರಿನಲ್ಲಿ ಭಾಷೆಯನ್ನೂ ನೋಡಿಕೊಳ್ಳಿ. ಒಂದೇ ಧರ್ಮಕೇಂದ್ರದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿರುತ್ತವೆ. ಕರಾವಳಿಯ ಕೊಂಕಣಿ ಮನೆಯವರಿಗೆ "ಕುಮ್ಸಾರ್" (ಪಾಪನಿವೇದನೆ) ಕೊಂಕಣಿಯಲ್ಲೇ ಆಗಬೇಕು. ಮನಸ್ಸಿನ ಮಾತು ಮನೆಮಾತಿನಲ್ಲಿ ಬರುವಷ್ಟು ಸಲೀಸಾಗಿ ಬೇರೆ ಭಾಷೆಯಲ್ಲಿ ಬರುವುದಿಲ್ಲ. ಆಫೀಸಿನಲ್ಲಿ ಕೇಳಿದರೆ ಯಾವ ಫಾದರಿಗೆ ಯಾವ ಭಾಷೆ ಬರುತ್ತದೆಂದು ಹೇಳುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ದುಭಾಷಿಯನ್ನು ಇಟ್ಟುಕೊಳ್ಳಲೂ 990ನೇ ವಿಧಿಯಲ್ಲಿ ಅನುಮತಿ ಇದೆ. ಗುಟ್ಟು ಕಾಯುವ ಹೊಣೆ ಆಗ ಅವರಿಗೂ ಬರುತ್ತದೆ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಪಾಪನಿವೇದನೆ ಆಗುವುದಿಲ್ಲ, ಇಬ್ಬರೂ ಒಂದೇ ಜಾಗದಲ್ಲಿರಬೇಕು.

ಪೀಠದಲ್ಲಿ ಫಾದರ್ ನಿಮಗೆ ಎದುರಾಗಿ ಕೂತಿರುವುದಿಲ್ಲ, ಅಡ್ಡಕ್ಕೆ ಕೂತಿರುತ್ತಾರೆ. ಕೊರಳಲ್ಲಿ ನೇರಳೆ ಬಣ್ಣದ ಸ್ಟೋಲ್ ಪಟ್ಟಿ. ಕಿವಿ ಜಾಲರಿಯ ಕಡೆಗೆ, ಕಣ್ಣು ಮುಚ್ಚಿದೆ ಅಥವಾ ನೆಲ ನೋಡುತ್ತಿದೆ, ಒಂದು ಕೈ ಹಣೆಗೋ ಕೆನ್ನೆಗೋ ಆನಿಸಿದೆ. ಜಾಲರಿಯ ಈಚೆ ಮೊಣಕಾಲೂರಲು ಒಂದು ಹಲಗೆ, ಅದರ ಮೇಲೆ ಶಿಲುಬೆ. ನಿಮ್ಮ ಕಣ್ಣೆದುರಿಗೆ ಇರುವುದು ಆ ಶಿಲುಬೆ, ಫಾದರ್ ಮುಖವಲ್ಲ. ಈಚೆಗೆ ಎಷ್ಟೋ ಕಡೆ ಎದುರುಬದುರು ಕುರ್ಚಿ ಹಾಕಿರುತ್ತಾರೆ, ಅದೂ ಸರಿಯೇ. ಆದರೆ ಜಾಲರಿ ಇರುವ ಪೀಠ ಬೇಕೆನ್ನುವವರಿಗೆ ಅದು ಸಿಗಲೇಬೇಕು, 964ನೇ ವಿಧಿ ಆ ಹಕ್ಕನ್ನು ಕಾಯುತ್ತದೆ.

ಶಿಲುಬೆಯ ಗುರುತು ಹಾಕಿ ಶುರು ಮಾಡಿ. "ಸ್ವಾಮಿ, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ಹಿಂದಿನ ಸಲ ಪಾಪನಿವೇದನೆ ಮಾಡಿ ಆರು ತಿಂಗಳಾಯಿತು." ಸ್ವಾಮಿ, ಗುರುಗಳೇ, ಫಾದರ್, ಯಾವುದು ರೂಢಿಯೋ ಅದು. ಮದುವೆಯಾಗಿದೆಯೋ ಇಲ್ಲವೋ, ಯಾವ ಕೆಲಸ ಎನ್ನುವುದು ವಿಷಯಕ್ಕೆ ಬೇಕಿದ್ದರೆ ಒಂದೇ ಮಾತಿನಲ್ಲಿ ಹೇಳಿ. ಆಮೇಲೆ ಮೊದಲು ಹೇಳಬೇಕಾದದ್ದು ಅತ್ಯಂತ ಭಾರವಾದ ಪಾಪ. ಸಣ್ಣದರಿಂದ ಶುರು ಮಾಡಿ ದೊಡ್ಡದಕ್ಕೆ ಬರೋಣ ಎಂದುಕೊಂಡವರು ಹಲವು ಸಲ ದೊಡ್ಡದಕ್ಕೆ ಬರುವುದೇ ಇಲ್ಲ.

ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಬೇರೆಯವರ ಪಾಪ ಹೇಳುವ ಚಾಳಿ. ಸೊಸೆಯ ಮಾತು, ನಾದಿನಿಯ ಮಾತು, ಆಸ್ತಿ ಪಾಲಿನಲ್ಲಿ ಅಣ್ಣ ಮಾಡಿದ ಮೋಸ, ಎಲ್ಲ ಬರುತ್ತದೆ. "ಹಾಗಾಗಿ ನಾನೂ ಎರಡು ಮಾತು ಅಂದೆ" ಎನ್ನುವುದು ಕೊನೆಗೆ ಬಾಲವಾಗಿ ಬರುತ್ತದೆ. ಹೇಳಬೇಕಾಗಿದ್ದುದು ಆ ಎರಡು ಮಾತು. ಪಾಪದಲ್ಲಿ ಜೊತೆಯಾಗಿದ್ದವರ ಹೆಸರನ್ನು ಫಾದರ್ ಕೇಳಲೇಬಾರದು, ನೀವೂ ಹೇಳಬೇಕಿಲ್ಲ. ಇನ್ನು ಕೆಲವರು "ಎಲ್ಲ ಪಾಪವನ್ನೂ ಮಾಡಿದ್ದೇನೆ ಫಾದರ್" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ವಿನಯದಂತೆ ಕೇಳಿಸಿದರೂ ಏನನ್ನೂ ಹೇಳಿದಂತಾಗಲಿಲ್ಲ.

ನಾಚಿಕೆಯಿಂದಲೋ ಭಯದಿಂದಲೋ ಒಂದು ಮಾರಕ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಇಡೀ ಪಾಪನಿವೇದನೆ ಅಸಿಂಧು. ಹೇಳಿದ ಪಾಪಗಳಿಗೂ ಕ್ಷಮೆ ಸಿಕ್ಕಂತಾಗುವುದಿಲ್ಲ. ಮುಂದಿನ ಸಲ ಮುಚ್ಚಿಟ್ಟದ್ದನ್ನೂ ಹೇಳಬೇಕು, ಮುಚ್ಚಿಟ್ಟೆ ಎಂಬುದನ್ನೂ ಹೇಳಬೇಕು, ಆ ದಿನ ಹೇಳಿದ ಮಾರಕ ಪಾಪಗಳನ್ನೂ ಮತ್ತೆ ಹೇಳಬೇಕು. ನಿಜವಾಗಿ ಮರೆತಿದ್ದರೆ ಹಾಗಲ್ಲ: ಅದಕ್ಕೂ ಕ್ಷಮೆ ಸಿಕ್ಕಿದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು, ಓಡಿಹೋಗಿ ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ವರ್ಷಗಟ್ಟಲೆ ನರಳುವವರಿದ್ದಾರೆ. ಅದೇ ಪಾಪವನ್ನು ಮತ್ತೆ ಮತ್ತೆ ಹೇಳುವ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಅನುಮಾನ ಬಿಡದವರು ಊರೂರು ತಿರುಗದೆ ಒಬ್ಬರೇ ಗುರುಗಳ ಹತ್ತಿರ ಹೋಗಬೇಕು. ಅವರು "ಸಾಕು, ಇದನ್ನು ಇನ್ನು ಹೇಳಬೇಡ" ಎಂದಾಗ ಸುಮ್ಮನೆ ಕೇಳಬೇಕು. ಇಂಥವರಿಗೆ ಬೇಕಾದದ್ದು ಹೊಸ ಕ್ಷಮೆಯಲ್ಲ, ಸಿಕ್ಕ ಕ್ಷಮೆಯ ಮೇಲೆ ನಂಬಿಕೆ.

ಗುಟ್ಟಿನ ಮಾತು ಹೇಳದೆ ಮುಂದೆ ಹೋಗಲಾಗದು, ಜನ ಹಿಂಜರಿಯುವುದು ಅಲ್ಲೇ: "ನಾಳೆ ಫಾದರ್ ನನ್ನ ಮುಖ ನೋಡಿ ಏನಂದುಕೊಳ್ಳುತ್ತಾರೆ?" ಪಾಪನಿವೇದನೆಯಲ್ಲಿ ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೆ ಆ ಕ್ಷಣವೇ ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮಿನ ಪವಿತ್ರ ಪೀಠಕ್ಕೆ (ಪೋಪರ ಆಡಳಿತಕ್ಕೆ) ಮಾತ್ರ. ಅಷ್ಟೇ ಅಲ್ಲ, ಕೇಳಿದ್ದನ್ನು ಆಧರಿಸಿ ನಿಮ್ಮನ್ನು ಪಾಲನಾ ಸಮಿತಿಯಿಂದ ತೆಗೆಯುವಂತಿಲ್ಲ, ಗಾಯನವೃಂದದಿಂದ ಬಿಡಿಸುವಂತಿಲ್ಲ. ಹೊರಗೆ ಸಿಕ್ಕಾಗ ನೀವಾಗಿ ಎತ್ತದೆ ಆ ಮಾತನ್ನು ನಿಮ್ಮೊಡನೆಯೂ ಎತ್ತುವಂತಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆಂದರೆ ಕೇಳಿದ್ದು ಅವರ ಸ್ವತ್ತಲ್ಲ. ಪಾಪನಿವೇದನೆಯಲ್ಲಿ ಗುರುವಿಗೆ ತಿಳಿದದ್ದು ಮನುಷ್ಯನಾಗಿ ತಿಳಿದದ್ದಲ್ಲ, ದೇವರ ಸ್ಥಾನದಲ್ಲಿ ನಿಂತು ತಿಳಿದದ್ದು ಎಂದು ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಹೇಳಿದ್ದರು. ಮನುಷ್ಯನಾಗಿ ಅವರಿಗೆ ಅದು ಗೊತ್ತೇ ಇಲ್ಲ ಎನ್ನುವ ಹಾಗೆ ಅವರು ನಡೆಯಬೇಕು.

ನೀವು ಹೇಳಿ ಮುಗಿಸಿದ ಮೇಲೆ ಫಾದರ್ ಒಂದೆರಡು ಬುದ್ಧಿಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಆಮೇಲೆ ನೀವು ಪಶ್ಚಾತ್ತಾಪ ಪ್ರಾರ್ಥನೆ ಹೇಳಬೇಕು. ಬಾಯಿಪಾಠ ಮರೆತಿದ್ದರೆ ಸ್ವಂತ ಮಾತಿನಲ್ಲಿ ಹೇಳಬಹುದು: ಮಾಡಿದ್ದಕ್ಕೆ ದುಃಖಪಡುತ್ತೇನೆ, ಇನ್ನು ಮಾಡದಿರಲು ನಿನ್ನ ಕೃಪೆಯಿಂದ ಪ್ರಯತ್ನಿಸುತ್ತೇನೆ. ಈ ಎರಡು ಇದ್ದರೆ ಸಾಕು. ಮತ್ತೆ ಬಿದ್ದೇನು ಎಂಬ ಭಯವಿದ್ದರೆ ಪರವಾಗಿಲ್ಲ. ಬಿಡುವ ಮನಸ್ಸೇ ಇಲ್ಲದಿದ್ದರೆ ಮಾತ್ರ ಕ್ಷಮೆಯ ಮಾತಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಆಗ ಗುರು ಬಲಗೈಯನ್ನು ನಿಮ್ಮ ತಲೆಯ ಕಡೆ ಚಾಚುತ್ತಾರೆ. ಈಗ ಬಳಕೆಯಲ್ಲಿರುವ ವಿಧಿ 1973ರ ಡಿಸೆಂಬರಿನಲ್ಲಿ ರೋಮಿನಲ್ಲಿ ಪ್ರಕಟವಾದದ್ದು. ಆ ಪ್ರಾರ್ಥನೆಯ ಸಾರ ಹೀಗಿದೆ: ಕರುಣಾಮಯನಾದ ಪಿತ ದೇವರು ತನ್ನ ಪುತ್ರನ ಮರಣ, ಪುನರುತ್ಥಾನದಿಂದ ಲೋಕವನ್ನು ತನ್ನೊಡನೆ ಸಂಧಾನಗೊಳಿಸಿದ್ದಾನೆ, ಪಾಪಕ್ಷಮೆಗಾಗಿ ಪವಿತ್ರಾತ್ಮನನ್ನು ಸುರಿಸಿದ್ದಾನೆ, ಧರ್ಮಸಭೆಯ ಸೇವೆಯ ಮೂಲಕ ನಿನಗೆ ಕ್ಷಮೆಯನ್ನೂ ಶಾಂತಿಯನ್ನೂ ಕೊಡಲಿ, ಪಿತನ, ಪುತ್ರನ, ಪವಿತ್ರಾತ್ಮನ ಹೆಸರಿನಲ್ಲಿ ನಿನ್ನ ಪಾಪಗಳಿಂದ ನಾನು ನಿನ್ನನ್ನು ಬಿಡುಗಡೆ ಮಾಡುತ್ತೇನೆ. ನೀವು "ಆಮೆನ್" ಎನ್ನಬೇಕು. ಎಷ್ಟೋ ಜನ ಈ ಹೊತ್ತಿನಲ್ಲಿ ಪಶ್ಚಾತ್ತಾಪ ಪ್ರಾರ್ಥನೆಯನ್ನು ಗುನುಗುತ್ತ ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ದಯವಿಟ್ಟು ಬಾಯಿ ಮುಚ್ಚಿ ಕೇಳಿ. ನೀವು ಬಂದದ್ದು ಈ ಮಾತಿಗಾಗಿ.

ಈ ಮಾತುಗಳ ಜೋಡಣೆ ನೋಡಿ. ಲೋಕವನ್ನು ದೇವರೊಡನೆ ಸೇರಿಸಿದ ಕೆಲಸ ಆಗಲೇ ಮುಗಿದಿದೆ, ಮುಗಿಸಿದವನು ಪುತ್ರ. ಗುರುವಿನ "ನಾನು" ಬರುವುದು ಕಟ್ಟಕಡೆಗೆ, ಅದೂ ತ್ರಿತ್ವದ ಹೆಸರಿನಲ್ಲಿ. ಆ "ನಾನು" ಕ್ರಿಸ್ತನ "ನಾನು", ಗುರು ಕೊಟ್ಟಿರುವುದು ಬಾಯಿ ಮತ್ತು ಕೈ ಮಾತ್ರ. ಮಧ್ಯಸ್ಥನಾಗಬೇಕಾದವನು ಎರಡೂ ಕಡೆಗೆ ಸೇರಿದವನಾಗಿರಬೇಕು. ಯೋಬನ ಗ್ರಂಥದ 9ನೇ ಅಧ್ಯಾಯದಲ್ಲಿ ನೊಂದ ಯೋಬ ಹಂಬಲಿಸುವುದು ಇಂಥವನಿಗೇ: ನಮ್ಮಿಬ್ಬರ ಮೇಲೂ ಕೈಯಿಡಬಲ್ಲ ಮಧ್ಯಸ್ಥ ಒಬ್ಬನೂ ಇಲ್ಲವಲ್ಲ. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕಾಲ್ಸೆದೋನ್ ಮಹಾಸಭೆ ಹಟ ಹಿಡಿದದ್ದೂ ಇದಕ್ಕೇ. ಒಂದು ಕಡೆ ಸಡಿಲವಾದರೂ ಯೋಬನ ಆಸೆ ಈಡೇರುವುದಿಲ್ಲ. ನಮ್ಮ ಫಾದರ್ ಎಷ್ಟೇ ಪವಿತ್ರರಾಗಿದ್ದರೂ ನಮ್ಮ ಕಡೆಯವರು ಮಾತ್ರ.

ಹಳೆಯ ಒಡಂಬಡಿಕೆಯ ಮಹಾಯಾಜಕನ ಸ್ಥಿತಿಯೂ ಇದೇ ಆಗಿತ್ತು. ಯಾಜಕಕಾಂಡದ 16ನೇ ಅಧ್ಯಾಯದಂತೆ ವರ್ಷಕ್ಕೊಂದು ದಿನ ಆರೋನ ಸ್ನಾನ ಮಾಡಿ, ನಾರಿನ ಬಟ್ಟೆ ತೊಟ್ಟು, ಪರದೆಯ ಒಳಗೆ ಹೋಗುತ್ತಿದ್ದ. ಜನರಿಗಾಗಿ ಆಡನ್ನು ಬಲಿ ಕೊಡುವುದಕ್ಕೆ ಮೊದಲು ತನಗಾಗಿ, ತನ್ನ ಮನೆಯವರಿಗಾಗಿ ಒಂದು ಹೋರಿಯನ್ನು ಬಲಿ ಕೊಡಬೇಕಿತ್ತು. ಬೊಗಸೆ ತುಂಬ ಧೂಪ ಒಯ್ದು ಅದರ ಹೊಗೆಯಿಂದ ಒಳಗಿದ್ದ ಒಡಂಬಡಿಕೆಯ ಮಂಜೂಷದ (ಪವಿತ್ರ ಪೆಟ್ಟಿಗೆಯ) ಮೇಲಿನ ಮುಚ್ಚಳವನ್ನು ಮರೆ ಮಾಡದಿದ್ದರೆ ಸಾವು. ರಕ್ತವನ್ನು ಬೆರಳಿನಿಂದ ಏಳು ಸಲ ಚಿಮುಕಿಸಬೇಕು. ಮರುವರ್ಷ ಮತ್ತೆ ಇದೇ. ಹಿಬ್ರಿಯರಿಗೆ ಬರೆದ ಪತ್ರ ಈ ವಿವರಗಳನ್ನೇ ಹಿಡಿದು ವಾದಿಸುತ್ತದೆ: ತನಗಾಗಿ ಬಲಿ ಕೊಡಬೇಕಿಲ್ಲದವನು ಒಬ್ಬನೇ, ಆತ ಒಂದೇ ಸಲ ಒಳಗೆ ಹೋದ, ಹೊಸ ಒಡಂಬಡಿಕೆಗೆ ಆತನೇ ಮಧ್ಯಸ್ಥ.

ಫಾದರ್ ಆರೋನನಂತೆ ತಾನೂ ಪಾಪಿ. ಅದಕ್ಕೇ ಅವರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕು. ಧರ್ಮಾಧ್ಯಕ್ಷರಿಗೂ ವಿನಾಯಿತಿ ಇಲ್ಲ, ಪೋಪರಿಗೂ ಇಲ್ಲ. 2014ರ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸ್ ಎಲ್ಲರೂ ನೋಡುತ್ತಿದ್ದಂತೆ ಒಬ್ಬ ಸಾಮಾನ್ಯ ಗುರುವಿನ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು. ಫಾದರ್ ಮಧ್ಯಸ್ಥರೇ ಆಗಿದ್ದರೆ ಇದರ ಅಗತ್ಯವೇ ಇರಲಿಲ್ಲ.

ಈ ಜಗಳ ಹೊಸತಲ್ಲ. ಉತ್ತರ ಆಫ್ರಿಕಾದಲ್ಲಿ ನಾಲ್ಕನೇ ಶತಮಾನದಲ್ಲಿ ಪಾರ್ಮೇನಿಯನ್ ಎಂಬ, ಧರ್ಮಸಭೆಯಿಂದ ಬೇರೆಯಾದ ಡೋನಾಟಿಸ್ಟ್ ಪಂಗಡದ ಧರ್ಮಾಧ್ಯಕ್ಷ, ದೇವರಿಗೂ ಜನರಿಗೂ ನಡುವೆ ಧರ್ಮಾಧ್ಯಕ್ಷನೇ ಮಧ್ಯಸ್ಥ ಎಂದು ಬರೆದಿದ್ದ. ಸಂತ ಅಗಸ್ಟೀನರು ಅದನ್ನು ಕಟುವಾಗಿ ಅಲ್ಲಗಳೆದರು. ಯೊವಾನ್ನನ ಮೊದಲ ಪತ್ರದಲ್ಲಿ "ನಮಗೆ" ಪಿತನ ಬಳಿ ಒಬ್ಬ ವಕೀಲ ಇದ್ದಾನೆ ಎಂದಿದೆಯೇ ಹೊರತು, ನಿಮಗಾಗಿ ನಾನು ಇದ್ದೇನೆ ಎಂದಿಲ್ಲ, ಪತ್ರ ಬರೆದ ಪ್ರೇಷಿತನೂ ತನ್ನನ್ನು ಪಾಪಿಗಳ ಸಾಲಿನಲ್ಲೇ ನಿಲ್ಲಿಸಿಕೊಂಡ ಎನ್ನುವುದು ಅವರ ವಾದ. ಡೋನಾಟಿಸ್ಟರು ಕೆಟ್ಟ ಗುರು ಕೊಟ್ಟ ಸಂಸ್ಕಾರವೇ ಕೆಟ್ಟದ್ದು ಎನ್ನುತ್ತಿದ್ದರು. ಕೊಡುವವನು ಕ್ರಿಸ್ತ ಎಂದಾದರೆ ಕೈ ಕೊಳಕಾದ ಮಾತ್ರಕ್ಕೆ ಕೊಡುಗೆ ಕೆಡುವುದಿಲ್ಲ ಎನ್ನುವುದು ಧರ್ಮಸಭೆ ಉಳಿಸಿಕೊಂಡ ಮಾತು.

ಇದೇ ತಿಳಿವಳಿಕೆಯನ್ನು ಬೇರೆ ಸಭೆಗಳು ಬೇರೆ ರೀತಿ ಕಾಣಿಸುತ್ತವೆ. ರಷ್ಯನ್ ಆರ್ಥೊಡಾಕ್ಸ್ ವಿಧಿಯಲ್ಲಿ ಪಾಪಿಯೂ ಗುರುವೂ ಶಿಲುಬೆ ಮತ್ತು ಶುಭಸಂದೇಶದ ಗ್ರಂಥ ಇಟ್ಟ ಪೀಠದ ಬಳಿ ಅಕ್ಕಪಕ್ಕ ನಿಲ್ಲುತ್ತಾರೆ. ಕ್ರಿಸ್ತ ಕಣ್ಣಿಗೆ ಕಾಣದೆ ಇಲ್ಲೇ ನಿಂತಿದ್ದಾನೆ, ನಾನು ಬರೀ ಸಾಕ್ಷಿ ಎಂದು ಗುರುವೇ ಹೇಳುತ್ತಾರೆ. ಲೂಥರನ ಕಡೆಯವರು 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದಲ್ಲಿ ಸಂತರನ್ನು ಮೊರೆಹೋಗುವುದನ್ನು ಕೈಬಿಟ್ಟರೂ ಖಾಸಗಿ ಪಾಪವಿಮೋಚನೆಯನ್ನು ಉಳಿಸಿಕೊಂಡರು. ಸಿಎಸ್‌ಐ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪವನ್ನು ಅರಿಕೆ ಮಾಡುತ್ತಾರೆ, ಆಮೇಲೆ ಸಭಾಪಾಲಕರು ಕ್ಷಮೆಯ ಮಾತು ಸಾರುತ್ತಾರೆ. ಅಲ್ಲೂ ಒಬ್ಬ ಮನುಷ್ಯನ ಬಾಯಿ ಬೇಕೇ ಬೇಕು. ಮರಿಯಮ್ಮನವರ, ಸಂತರ ವಿಷಯವೂ ಇಷ್ಟೇ: ಅವರನ್ನು ಕೇಳಿಕೊಳ್ಳುವುದು "ನನಗಾಗಿ ಪ್ರಾರ್ಥಿಸಿ" ಎಂದು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಮರಿಯಮ್ಮನ ಬಗ್ಗೆ ಬರೆಯುವಾಗ ಎತ್ತಿಕೊಂಡದ್ದು ತಿಮೊಥೇಯನ ಪತ್ರದ ಆ ವಚನವನ್ನೇ.

ಇನ್ನು ಪ್ರಾಯಶ್ಚಿತ್ತ. ಮೂರು "ನಮೋ ಮರಿಯ" ಪ್ರಾರ್ಥನೆ, ಒಂದು ಕೀರ್ತನೆ, ಒಬ್ಬರಿಗೆ ಸಹಾಯ, ಒಂದು ಉಪವಾಸ, ಏನನ್ನಾದರೂ ಕೊಡಬಹುದು. ಇದು ಕ್ಷಮೆಗೆ ಕೊಡುವ ಬೆಲೆಯಲ್ಲ. ಬೆಲೆ ಕೊಟ್ಟಾಗಿದೆ, ಕೊಟ್ಟವನು ಬೇರೆ. ಕ್ಷಮೆ ಸಿಕ್ಕವನು ಹೊಸ ದಾರಿಯಲ್ಲಿ ಇಡುವ ಮೊದಲ ಹೆಜ್ಜೆ ಇದು. ಚರ್ಚ್ ಬಿಡುವ ಮೊದಲೇ ಮುಗಿಸಿಬಿಡಿ, ಮುಂದೂಡಿದರೆ ಮರೆಯುತ್ತದೆ. ಹೇಳಿದ್ದು ನಿಮ್ಮ ಕೈಲಿ ಆಗದ್ದಾಗಿದ್ದರೆ ಅಲ್ಲೇ ಹೇಳಿ ಬೇರೆ ಕೇಳಿ. ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಮಾತ್ರ ಪ್ರಾಯಶ್ಚಿತ್ತದಿಂದ ತೀರುವುದಿಲ್ಲ. ಪಾಲುದಾರನ ಹಣ ನುಂಗಿದವರು ಹಣ ಮುಟ್ಟಿಸಲೇಬೇಕು, ಮಾನ ಕಳೆದವರು ಆಡಿದ ಮಾತನ್ನು ಯಾರ ಮುಂದೆ ಆಡಿದ್ದರೋ ಅವರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ಹೇಗೆಂದು ತಿಳಿಯದಿದ್ದರೆ ಪೀಠದಲ್ಲೇ ಕೇಳಿ, ಹೆಸರು ಹೇಳದೆ ದುಡ್ಡು ತಲುಪಿಸುವ ದಾರಿಗಳಿವೆ.

ಮನೆಯಲ್ಲಿ ಕಾಯಿಲೆಯವರಿದ್ದರೆ ಇನ್ನೊಂದು ವಿಷಯ ಗೊತ್ತಿರಬೇಕು. ಪಾಪನಿವೇದನೆ ಕೇಳಲು ಗುರುದೀಕ್ಷೆಯ ಜೊತೆಗೆ ಧರ್ಮಾಧ್ಯಕ್ಷರ ಅನುಮತಿಯೂ ಬೇಕು. ಆದರೆ ಸಾವು ಹತ್ತಿರವಿದ್ದಾಗ 976ನೇ ವಿಧಿ ಎಲ್ಲ ಅಡ್ಡಿಯನ್ನೂ ತೆಗೆಯುತ್ತದೆ. ಅನುಮತಿ ಇಲ್ಲದ ಗುರು, ಗುರುಪದವಿ ಬಿಟ್ಟು ಸಂಸಾರ ಹೂಡಿದವರು ಕೂಡ ಆ ಹೊತ್ತಿನಲ್ಲಿ ಯಾವ ಪಾಪಕ್ಕಾದರೂ ಕ್ಷಮೆ ಕೊಡಬಹುದು, ಅದು ಸಿಂಧು. ಕ್ಷಮೆ ಅವರ ಯೋಗ್ಯತೆಯದ್ದಲ್ಲವಾದ್ದರಿಂದಲೇ ಇದು ಸಾಧ್ಯ. ಪ್ರಜ್ಞೆ ತಪ್ಪಿದವರಿಗೂ ಪಾಪವಿಮೋಚನೆಯ ಮಾತು ಹೇಳುತ್ತಾರೆ. ಆದರೂ ಅಷ್ಟರವರೆಗೆ ಕಾಯಬೇಡಿ. "ಫಾದರನ್ನು ಕರೆಸಿದರೆ ಅಪ್ಪ ಹೆದರಿಕೊಳ್ಳುತ್ತಾರೆ" ಎಂದು ಕೊನೆಯ ಗಳಿಗೆಯವರೆಗೆ ತಡೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಐಸಿಯುಗೆ ಹೋಗುವ ಮೊದಲೇ, ಮಾತು ಸರಿಯಾಗಿ ಬರುತ್ತಿರುವಾಗಲೇ ಕರೆಸಿ. ಫಾದರ್ ಬಂದಾಗ ಮನೆಯವರು ಹತ್ತು ನಿಮಿಷ ಹೊರಗೆ ಹೋಗಿ, ಬಾಗಿಲು ಮುಂದಕ್ಕೆ ಎಳೆದುಕೊಳ್ಳಿ. ಅಪ್ಪನಿಗೆ ಕಿವಿ ಮಂದವಾಗಿದ್ದರೆ ಅದನ್ನು ಫಾದರಿಗೆ ಮೊದಲೇ ಹೇಳಿ.